ಬೆನ್ನೊಳಗಿನ ಹಾವು

ನಾನು ಚಿಕ್ಕವನಿದ್ದಾಗ ನನ್ನ ಬೆನ್ನೊಳಗೆ ಒಂದು ಹಾವು ಸೇರಿಕೊಂಡಿದೆಯೆಂದು ಮನೆಯವರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚಾಗಿ ನಾನೇ ನಂಬಿದ್ದೆ.

ಚಿತ್ರದುರ್ಗದ ಕೋಟೆಯ ಕೆಳಗೆ ನಮ್ಮ ಮನೆ. ಅಪ್ಪ, ಅವ್ವ, ಅಕ್ಕ ಮತ್ತು ನಾನು. ಬೆಳಿಗ್ಗೆ ಮೆಟ್ಟಿಲುಬಾವಿಗೆ ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು ಕೊಡ ತುಂಬಿ, ಹೆಗಲ ಮೇಲೆ ಹೊತ್ತು ತರುವುದು ನನ್ನ ಕೆಲಸ. ತುಳುಕಿದ ನೀರು ಬೆನ್ನ ಮೇಲೆ ತಣ್ಣಗೆ ಇಳಿಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮೈಯೆಲ್ಲ ದದ್ದೆದ್ದು ತುರಿಕೆ ಹತ್ತಿತು. ವಾಂತಿಯಾಯಿತು, ಜ್ವರ ಬಂತು. ಪಂಡಿತರು ಪಿತ್ತವೆಂದು ಕಷಾಯ ಕೊಟ್ಟರು. ಬೇವಿಗಿಂತ ಕಹಿ ಅದು. ದದ್ದೇನೋ ಇಳಿಯಿತು, ಆದರೆ ಹೆಗಲಿನ ಕೆಳಗೆ, ಚರ್ಮದಡಿಯಲ್ಲಿ ದಾರದಂಥದ್ದೊಂದು ಉಳಿಯಿತು. ಇವತ್ತು ಇಲ್ಲಿದ್ದರೆ ನಾಲ್ಕು ದಿನ ಬಿಟ್ಟು ಇನ್ನೊಂದು ಕಡೆ. ಪಂಡಿತರು ಒತ್ತಿ ನೋಡಿ, "ನರ ಉಬ್ಬೈತೆ" ಎಂದರು. ನರ ಎಲ್ಲಾದರೂ ನಡೆದಾಡುತ್ತದೆಯೇ? ನನಗೆ ತಲೆಬುಡ ತಿಳಿಯಲಿಲ್ಲ.

ಅವ್ವ ಬೆನ್ನಿಗೆ ಕೈ ಇಟ್ಟವಳೇ ಬೆಚ್ಚಿದಳು. "ಲೇ, ಎಲ್ಲಾರ ಹಾವಿಗೆ ಹೊಡೆದೀಯೇನೋ?"

"ಇಲ್ಲವ್ವ" ಎಂದೆ. ಸುಳ್ಳು. ಜೋಗಿಮಟ್ಟಿ ಬೆಟ್ಟದ ಬುಡಕ್ಕೆ ಕಾರೆಹಣ್ಣು ಕೀಳಲು ಹೋದಾಗ ಒಂದು ಮರಿಹಾವಿಗೆ ಕಲ್ಲು ಬೀಸಿದ್ದೆ. ಅದೇ ಈಗ ನನ್ನೊಳಗೆ ಸೇರಿದೆ, ಎದೆಯವರೆಗೆ ಬಂದರೆ ನಾನು ಸತ್ತೆ ಎಂದುಕೊಂಡೆ. ಹೇಳಿದರೆ ಅಪ್ಪ ಚರ್ಮ ಸುಲಿಯುತ್ತಾನೆ, ಹೇಳದಿದ್ದರೆ ಹಾವು ಬಿಡುವುದಿಲ್ಲ.

ಒಂದು ಸೋಮವಾರ ಬೆನ್ನ ಮೇಲೆ ಬೊಬ್ಬೆ ಎದ್ದು ಕೆಂಡದಂತೆ ಉರಿಯತೊಡಗಿತು. ಎಲ್ಲರೂ ನನ್ನನ್ನು ಬಾವಿಯ ಪಕ್ಕದ ಅರಳಿಕಟ್ಟೆಗೆ ಕರೆದೊಯ್ದರು. ನಾಗರಕಲ್ಲಿಗೆ ಹಾಲೆರೆಯುವ ಮುಂಚೆ ಅಪ್ಪ ನನ್ನ ಮೇಲೆ ತಣ್ಣೀರು ಸುರಿದ. ಉರಿ ಇಳಿದು ಹಾಯೆನಿಸಿತು. ಅಷ್ಟರಲ್ಲಿ ಅಕ್ಕ ಕಿಟಾರನೆ ಕಿರುಚಿದಳು. ಬೊಬ್ಬೆ ಒಡೆದು ಬಿಳಿಯ ಬಾಲವೊಂದು ಹೊರಗೆ ಇಣುಕಿತ್ತು.

"ಅಪ್ಪಾ, ಹಾವಿಗೆ ಹೊಡೆದಿದ್ದು ನಾನೇ!" ಎಂದು ಅತ್ತುಬಿಟ್ಟೆ. ಅಪ್ಪ ಅದನ್ನು ಹಿಡಿದೆಳೆಯಲು ಕೈ ಚಾಚಿದ.

"ಎಳೀಬ್ಯಾಡ್ರಿ! ಒಳಗೇ ತುಂಡಾದ್ರೆ ಕೀವಾಗ್ತೈತೆ!"

ತೊಗಲಿನ ಚೀಲ ಬೆನ್ನಿಗೆ ಹೊತ್ತು ಬೀದಿಗೆ ನೀರು ಚಿಮುಕಿಸುತ್ತಿದ್ದ ಸಾಬರ ತಾತ ಚೀಲ ಇಳಿಸಿ ಓಡಿಬಂದಿದ್ದ. "ಹಾವೂ ಇಲ್ಲ ಗೀವೂ ಇಲ್ಲ. ನಾರುಹುಣ್ಣಿನ ಹುಳ ಕಣಪ್ಪ ಇದು" ಎಂದ.

ಅಪ್ಪ ನಂಬಲಿಲ್ಲ. "ಅದು ಏಳಾದು ಕಾಲಾಗೆ ಅಲ್ವೇನು?"

ತಾತ ಅಂಗಿ ಎತ್ತಿ ತಿರುಗಿ ನಿಂತ. ಬೆನ್ನ ತುಂಬ ಹಳೆಯ ಹುಣ್ಣಿನ ಕಲೆಗಳು. "ನೀರು ಎಲ್ಲಿ ತಾಗ್ತೈತೋ ಅಲ್ಲಿಗೇ ಬರ್ತೈತೆ. ನಿಮ್ಮ ಹುಡ್ಗ ಹೆಗಲ ಮ್ಯಾಲೆ ಹೊರ್ತಾನಲ್ಲ?" ಊರಿನಲ್ಲಿ ನಾರುಹುಣ್ಣು ಕಾಣದವರಿರಲಿಲ್ಲ, ಬೆನ್ನಿನಲ್ಲಿ ಕಂಡವನು ಆ ತಾತನೊಬ್ಬನೇ.

ಹುಳುವಿನ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಒಂದಂಗುಲದಂತೆ ಎಳೆಯುವುದನ್ನು ಅವನೇ ಹೇಳಿಕೊಟ್ಟ. ಹೋಗುವಾಗ ನನ್ನ ಕಡೆ ತಿರುಗಿ, "ಬಾವಿ ನೀರಿಂದ ಬರಾದು ಇದು ಮಗಾ. ಬಟ್ಟೇಲಿ ಸೋಸಿ ಕುಡೀರಿ" ಎಂದ. ಸಾಯುವುದಿಲ್ಲವೆಂಬ ಖುಷಿಯಲ್ಲಿ ಆ ಮಾತು ಕೇಳಿಸಿಯೂ ಕೇಳಿಸಲಿಲ್ಲ. ಅವ್ವ ನಾಗರಕಲ್ಲಿಗೆ ಹಾಲೆರೆದಳು. ತಿಂಗಳೊಳಗೆ ಹುಳು ಪೂರಾ ಹೊರಬಂತು. ನಾನು ಮತ್ತೆ ಕೊಡ ಹೊತ್ತೆ, ಸೋಸುವ ಗೋಜಿಗೆ ಹೋಗಲಿಲ್ಲ.

ಮರುವರ್ಷ ಅಕ್ಕನ ಹಿಮ್ಮಡಿಯಲ್ಲಿ ಅದೇ ಹುಣ್ಣು ಎದ್ದಿತು. ಅವಳ ಹುಳು ಒಳಗೇ ತುಂಡಾಯಿತು. ಅಲ್ಲಿಂದ ಕೊನೆಯವರೆಗೂ ಅಕ್ಕ ಕುಂಟುತ್ತಲೇ ನಡೆದಳು. ನನ್ನ ಮೇಲೆ ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಮೊಮ್ಮಕ್ಕಳೇ, ನಿಮಗೆ ನಲ್ಲಿ ತಿರುಗಿಸಿದರೆ ನೀರು. ಮೈ ಬಿಸಿಯಾದರೆ ಆಸ್ಪತ್ರೆ, ಸಂಜೆಯೊಳಗೆ ರೋಗದ ಹೆಸರು ಗೊತ್ತಾಗುತ್ತದೆ. ನಲ್ಲಿ ನೀರನ್ನೂ ಅಜ್ಜ ಬಟ್ಟೆಯಲ್ಲಿ ಸೋಸುತ್ತಾನೆಂದು ನೀವು ನಗುತ್ತೀರಿ. ನಗಿ ಮಕ್ಕಳೇ. ಅಕ್ಕನಿಗೆ ಸೋಸಿ ಕೊಡಲಿಲ್ಲ. ನಿಮಗಾದರೂ ಸೋಸಿ ಕೊಡುತ್ತೇನೆ.