ಬಾನೆಟ್ ಮೇಲಿನ ಅಂಗೈ

2004ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟ ನಾನು ಬಹಳ ವರ್ಷ ಬೇರೆಯವರ ಗಾಡಿ ಓಡಿಸಿದೆ. ಸ್ವಂತಕ್ಕೊಂದು ಹಳೇ ಡೀಸೆಲ್ ಪಿಕಪ್ ಕೊಳ್ಳಲು ಹೊರಟಾಗ ಜೊತೆಗೆ ಬಂದವರು ಭದ್ರಾವತಿಯ ಒಬ್ಬ ಮೆಕ್ಯಾನಿಕ್. ಅವರು ಮೊದಲು ಬಾನೆಟ್ ಮೇಲೆ ಅಂಗೈ ಇಡುತ್ತಿದ್ದರು. ಹಳೇ ಎಂಜಿನ್ನಿನ ಗುಣ ಗೊತ್ತಾಗುವುದು ತಣ್ಣಗಿದ್ದಾಗ. ಸ್ಟಾರ್ಟಿಂಗ್ ತೊಂದರೆ ಕಾಣದಿರಲೆಂದು ಮಾರುವವರು ಮೊದಲೇ ಬಿಸಿ ಮಾಡಿಟ್ಟಿರುತ್ತಾರೆ. ಬಿಸಿಯಿದ್ದರೆ, "ಟೀ ಕುಡಿಯೋಣ" ಎನ್ನುತ್ತಿದ್ದರು, ಅಷ್ಟೇ.

ಸವಳಂಗ ರಸ್ತೆಯಲ್ಲಿ ಒಂದು ಗಾಡಿ ನನಗೆ ತುಂಬ ಹಿಡಿಸಿತು. ಮರುದಿನದಿಂದಲೇ ಸಿಮೆಂಟ್ ಸಾಗಿಸುವ ಬಾಡಿಗೆ ಒಪ್ಪಿಕೊಂಡಿದ್ದೆ. ಗಾಡಿ ಸಿಗದಿದ್ದರೆ ಅದು ಬೇರೆಯವರ ಪಾಲು. ಮೆಕ್ಯಾನಿಕ್ ಬಾನೆಟ್ ಮೇಲೆ ಅಂಗೈ ಇಟ್ಟರು.

"ಟೀ ಕುಡಿಯೋಣ."

"ಮೊದ್ಲು ಸ್ಟಾರ್ಟ್ ಮಾಡಿ ನೋಡಿ ಯಜಮಾನ್ರೇ, ಟೀ ಎಲ್ಲಿಗೆ ಹೋಗುತ್ತೆ?" ಎಂದ ಮಾಲೀಕ.

"ಗಾಡಿ ಎಲ್ಲಿಗೆ ಹೋಗುತ್ತೆ ಮಾರಾಯ? ಕೂತ್ಕೋ."

ಎಂಜಿನ್ ತಣ್ಣಗಾಗುವವರೆಗೂ ತ್ಯಾವರೆಕೊಪ್ಪ ಸಫಾರಿಯ ಸಿಂಹಗಳ ವಿಷಯ ಮಾತಾಡಿದರು. ಆಮೇಲೆ ಕೀ ತಿರುಗಿಸಿದರೆ ಎಂಜಿನ್ ಬರೀ ಕೆಮ್ಮಿತು.

"ಬ್ಯಾಟರಿ ವೀಕು," ಎಂದ ಮಾಲೀಕ.

"ಇರಬಹುದು," ಎಂದು ಎದ್ದರು.

ಬಾಡಿಗೆ ಕೈತಪ್ಪಿತು. ಒಂದು ವಾರ ನಾನು ಅವರ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರೇ ಕರೆದು ವಿನೋಬನಗರದಲ್ಲಿ ಬಣ್ಣ ಮಾಸಿದ ಪಿಕಪ್ ತೋರಿಸಿದರು. ಬಾನೆಟ್ ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

"ತಗೋ," ಎಂದರು.

ಈಗ ನನ್ನ ಹತ್ತಿರ ಮೂರು ಪಿಕಪ್‌ಗಳಿವೆ, ಇಬ್ಬರು ಡ್ರೈವರ್‌ಗಳಿದ್ದಾರೆ. ಮೂರನೆಯದನ್ನು ನಾನೇ ಓಡಿಸುತ್ತೇನೆ.