ಲೀಲಕ್ಕನ ಹಟ್ಟಿಗೆ ಬರುತ್ತಿದ್ದ ಕಡವೆ

ನೀವು ಬಾಯಿ ತೆರೆಯುವ ಮೊದಲೇ ಎದುರಿನವರು "ನಮ್ಮಲ್ಲಿ ಅದೆಲ್ಲ ಇಲ್ಲ" ಎಂದುಬಿಟ್ಟರೆ ನಿಮಗೆ ಏನನಿಸುತ್ತದೆ? ನನಗಂತೂ ಅದು ಅಲ್ಲೇ ಎಲ್ಲೋ ಇದೆ ಎಂದೇ ಅನಿಸುತ್ತದೆ.

ಕಳೆದ ತಿಂಗಳು ಒಂದು ಭಾನುವಾರ ಬಜಗೋಳಿಯಿಂದ ಸ್ವಲ್ಪ ಒಳಗೆ, ಕಾಡಿಗೆ ತಾಗಿಕೊಂಡಿರುವ ಮನೆಯೊಂದರ ಅಂಗಳಕ್ಕೆ ಕಾಲಿಟ್ಟೆವು. ನಾನು ಮತ್ತು ಹಮೀದಾಕ. (ನಾನು ಕಟಪಾಡಿಯ ನಿವೃತ್ತ ಟೀಚರ್ ಎಂಬುದು ನಿಮಗೆ ಗೊತ್ತೇ ಇದೆ. ಹಮೀದಾಕ ಕಾಪುವಿನವರು, ಗಲ್ಫ್‌ನಿಂದ ವಾಪಸ್ ಬಂದು ಮೊಬೈಲ್ ಅಂಗಡಿ ಇಟ್ಟಿದ್ದಾರೆ.) ತಲೆಗೆ ಹಸಿರು ಕ್ಯಾಪ್, ಕೊರಳಿಗೆ ಐಡಿ ಕಾರ್ಡ್. ಜಿಂಕೆ, ಕಡವೆ, ಕಾಡುಕುರಿ ಎಲ್ಲೆಲ್ಲಿ ಎಷ್ಟಿವೆ ಎಂದು ಲೆಕ್ಕ ಇಡಲು ಮಣಿಪಾಲದ ಕೆಲವು ಉತ್ಸಾಹಿಗಳು ಕಟ್ಟಿದ ವಾಟ್ಸಾಪ್ ಗ್ರೂಪಿನ ಸ್ವಯಂಸೇವಕರು ನಾವು.

ಮನೆಯ ಯಜಮಾನಿ ಲೀಲಕ್ಕ ಕ್ಯಾಪ್ ನೋಡಿದ್ದೇ ಹೇಳಿದರು, "ಇಲ್ಲಿ ಜಿಂಕೆ ಗಿಂಕೆ ಎಂತದೂ ಇಲ್ಲ. ಮುಂದೆ ಹೋಗಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೂ ಇಲ್ಲ.

ಅವರ ಅಲಸಂಡೆ ಸಾಲಿನ ಸುತ್ತ ಹಳೆಯ ಸೀರೆಗಳನ್ನು ಬೇಲಿಯ ಹಾಗೆ ಕಟ್ಟಿದ್ದರು. ಕಾಡಿನ ಅಂಚಿನ ಮನೆಗಳಲ್ಲಿ ಪ್ರಾಣಿಗಳು ತೋಟಕ್ಕೆ ನುಗ್ಗದಿರಲಿ ಎಂದು ಹೀಗೆ ಕಟ್ಟುತ್ತಾರೆ.

"ಜಿಂಕೆ ಇಲ್ಲದಿದ್ದರೆ ಈ ಸೀರೆ ಯಾಕೆ ಲೀಲಕ್ಕ?" ಎಂದೆ.

"ನವಿಲಿಗೆ" ಎಂದರು.

ಸೀರೆ ನೋಡಿ ನವಿಲು ಹೆದರುತ್ತದೆಯೇ? ಅಡುಗೆಮನೆಯಿಂದ ಮಸಾಲೆ ಹುರಿಯುವ ಪರಿಮಳ ಬೇರೆ ಬರುತ್ತಿತ್ತು. ನನ್ನ ತಲೆಯಲ್ಲಿ ಕೋವಿ, ಕತ್ತಿ, ಮಾಂಸದ ಪಾತ್ರೆ ಎಲ್ಲ ಸಾಲಾಗಿ ಬಂದು ನಿಂತವು. ಪರೀಕ್ಷಾ ಹಾಲ್‌ನಲ್ಲಿ ಕಾಪಿಚೀಟಿ ಹಿಡಿದೇ ಕೂದಲು ಹಣ್ಣಾದವಳು ನಾನು. ಬಿಡುತ್ತೇನೆಯೇ?

ಮುಂದಿನ ಭಾನುವಾರ ಬೆಳಕು ಹರಿಯುವಾಗಲೇ ಮತ್ತೆ ಹೋದೆವು. ಕಾರನ್ನು ದೂರದಲ್ಲೇ ನಿಲ್ಲಿಸಿ, ಬೈಹುಲ್ಲಿನ ರಾಶಿಯ ಹಿಂದೆ ಅಡಗಿ ನಿಂತೆವು. (ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಹಮೀದಾಕನ ಮಂಡಿ ಕೇಳುತ್ತಿತ್ತು.) ಲೀಲಕ್ಕ ದನದ ಹಟ್ಟಿಯ ಹೊರಗಿನ ಕಲ್ಲುಮರಿಗೆಗೆ ದನಗಳಿಗೆಂದು ಇಟ್ಟ ಅಕ್ಕಿ ತೊಳೆದ ನೀರು ಸುರಿದು, ಒಂದು ಹಿಡಿ ಉಪ್ಪು ಹಾಕಿದರು. ಆಮೇಲೆ ಕಾಡಿನ ಕಡೆ ತಿರುಗಿ ಮೆಲ್ಲಗೆ ತುಳುವಿನಲ್ಲಿ ಕರೆದರು, "ಬಲ ಮಗಾ."

ಬಂತು. ಒಂದು ಹೆಣ್ಣು ಕಡವೆ. ಕಿವಿ ಆಡಿಸುತ್ತಾ, ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಾ ಬಂದು ದನದ ಪಕ್ಕದಲ್ಲೇ ಮರಿಗೆಗೆ ಬಾಯಿ ಹಾಕಿತು. ಲೀಲಕ್ಕ ತನ್ನ ಪಾಡಿಗೆ ಸಗಣಿ ಬಾಚುತ್ತಿದ್ದರು.

ನನಗೆ ನಾಚಿಕೆ ಆಗಬೇಕಿತ್ತು. ಆದದ್ದು ಖುಷಿ. ಸುಳ್ಳು ಹಿಡಿದೆ ಎಂಬ ಖುಷಿ. ಫೋಟೋ ತೆಗೆದೆ. ನಮ್ಮ ಗ್ರೂಪಿನಲ್ಲಿ ಒಂದು ರೂಲ್ ಇದೆ: ಲೊಕೇಶನ್ ಹಾಕದಿದ್ದರೆ ಫೋಟೋ ಲೆಕ್ಕಕ್ಕಿಲ್ಲ. ಹಾಕಿದೆ. ಬಜಗೋಳಿ ಪೇಟೆ ತಲುಪಿ ಚಹಾ ಕುಡಿಯುವಷ್ಟರಲ್ಲಿ ಚಪ್ಪಾಳೆ, ಹಾರ್ಟು, "ಸೂಪರ್ ಟೀಚರ್" ಎಲ್ಲ ಬಂದವು.

ಅದರ ನಡುವೆ, ಹೆಸರಿಲ್ಲದ ಒಂದು ನಂಬರಿನಿಂದ ಒಂದು ಪ್ರಶ್ನೆ. "ದಿನಾ ಬರ್ತದಾ? ಮನೆಯಲ್ಲಿ ನಾಯಿ ಉಂಟಾ?"

ಇನ್ನೇನು ಉತ್ತರ ಟೈಪ್ ಮಾಡಬೇಕು, ಹಮೀದಾಕ ನನ್ನ ಕೈ ಹಿಡಿದರು. "ಟೀಚರೇ, ಫೋಟೋ ತೆಗೆಯುವವನಿಗೆ ನಾಯಿ ಇದ್ದರೆಂತ, ಇಲ್ಲದಿದ್ದರೆಂತ?"

ಚಹಾದ ಲೋಟ ಕೆಳಗಿಟ್ಟೆ. ಫೋಟೋ ಡಿಲೀಟ್ ಮಾಡಿದೆ. ಏನು ಪ್ರಯೋಜನ? ನೋಡಬೇಕಾದವರೆಲ್ಲ ನೋಡಿಯಾಗಿತ್ತು. ಅಡ್ಮಿನ್‌ಗೆ ಫೋನ್ ಮಾಡಿ ಈ ನಂಬರ್ ಯಾರದ್ದು ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಲಿಂಕ್ ಪಬ್ಲಿಕ್ ಅಲ್ವಾ? ಯಾರು ಬೇಕಾದರೂ ಸೇರಬಹುದು. ಜನ ಸೇರಿದಷ್ಟು ಒಳ್ಳೆಯದು" ಎಂದ ಆ ಹುಡುಗ. ನಾನು ಹಟ ಹಿಡಿದ ಮೇಲೆ ಆ ನಂಬರನ್ನು ತೆಗೆದ. ತೆಗೆದರೆ ಆ ನಂಬರಿನವನ ಫೋನಿನಲ್ಲಿರುವ ನಕ್ಷೆಯೂ ಅಳಿಸಿಹೋಗುತ್ತದೆಯೇ?

ಅಂದಿನಿಂದ ಗ್ರೂಪಿನಲ್ಲಿ ಯಾರು ಏನೇ ಬರೆದರೂ ನನಗೆ ಅನುಮಾನ. ದಿನವೂ ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಹೇಳುವ ಕಾರ್ಕಳದ ಮಹನೀಯರು ಯಾಕೆ ಇಷ್ಟು ಬೇಗ ಏಳುತ್ತಾರೆ? "ಗಂಡೋ ಹೆಣ್ಣೋ?" ಎಂದು ಕೇಳಿದ ಕುಕ್ಕುಂದೂರಿನವರಿಗೆ ಅದು ಯಾಕೆ ಬೇಕು? ಇನ್ನೊಬ್ಬರ ಫೋಟೋದಲ್ಲಿ ಹೆಗಲಿಗಿದ್ದ ಕ್ಯಾಮೆರಾ ಚೀಲ ಇಷ್ಟು ಉದ್ದ ಇರಲಿಕ್ಕುಂಟೇ? ಪಾಪ, ಅವರಲ್ಲಿ ಹೆಚ್ಚಿನವರು ಒಳ್ಳೆಯವರೇ ಇರಬಹುದು. ಆದರೆ ಯಾರು ಒಳ್ಳೆಯವರು ಎಂದು ನಾನು ಹೇಗೆ ಗುರುತಿಸಲಿ? ಎಲ್ಲರ ತಲೆಯ ಮೇಲೂ ಒಂದೇ ಹಸಿರು ಕ್ಯಾಪ್.

ಮನಸ್ಸು ತಡೆಯದೆ ಹಮೀದಾಕನನ್ನು ಕರೆದುಕೊಂಡು ಲೀಲಕ್ಕನಿಗೆ ಎಚ್ಚರಿಕೆ ಹೇಳಲು ಹೋದೆ. ಅವರು ಅಂಗಳದಲ್ಲೇ ಸಿಕ್ಕಿದರು. ಬನ್ನಿ, ಕೂತುಕೊಳ್ಳಿ ಎನ್ನಲಿಲ್ಲ.

"ಜೀಪಲ್ಲಿ ಇಬ್ಬರು ಬಂದಿದ್ದರು" ಎಂದರು. "ನಿಮ್ಮ ಹಾಗೆಯೇ ಕ್ಯಾಪ್. ಕಡವೆ ಎಷ್ಟು ಹೊತ್ತಿಗೆ ಬರ್ತದೆ ಅಕ್ಕ ಅಂತ ಕೇಳಿದರು. ನಾನು ಇಲ್ಲ ಹೇಳಿದೆ. ಅವರು ಮೊಬೈಲಿನಲ್ಲಿ ಫೋಟೋ ತೋರಿಸಿದರು. ನಮ್ಮದೇ ಹಟ್ಟಿ. ನೀವು ತೆಗೆದದ್ದಲ್ವಾ?"

ಹೌದು ಎಂದೆ.

"ಮೊದಲು ಎಣಿಸುವವರು ಬರ್ತಾರೆ, ಹಿಂದಿನಿಂದ ಕೊಲ್ಲುವವರು ಬರ್ತಾರೆ. ನಾನು ಇಲ್ಲಿ ಎಷ್ಟು ಸಲ ನೋಡಿದ್ದೇನೆ. ಅದಕ್ಕೇ ಯಾರು ಕೇಳಿದರೂ ಇಲ್ಲ ಹೇಳುವುದು."

"ಕಡವೆ?" ಎಂದು ಕೇಳಿದೆ. ಕೇಳಲಿಕ್ಕೂ ಭಯವಾಗುತ್ತಿತ್ತು.

"ನಾನೇ ಓಡಿಸಿದೆ. ಮರಿಗೆಯ ನೀರೆಲ್ಲ ಚೆಲ್ಲಿದೆ. ತಟ್ಟೆ ಬಡಿದೆ. ಅದು ಹೋಗಲಿಲ್ಲ ಮಾರಾಯ್ತಿ, ನಿಂತು ನನ್ನನ್ನೇ ನೋಡ್ತಾ ಇತ್ತು. ಕಡೆಗೆ ಕಲ್ಲು ಬಿಸಾಡಿದೆ." ಸೆರಗಿಗೆ ಕೈ ಒರೆಸಿಕೊಂಡು ಹೇಳಿದರು, "ತಾಗಿತು. ಮತ್ತೆ ಬರಲಿಲ್ಲ. ಮನುಷ್ಯರನ್ನು ನಂಬಬಾರದು ಅಂತ ಅದಕ್ಕೂ ಗೊತ್ತಾಗಬೇಕಲ್ಲ?"

ಕ್ಯಾಪ್ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಂದೆ. ಇಡೀ ದಾರಿ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹಮೀದಾಕ ರೇಡಿಯೋ ಹಾಕಲಿಲ್ಲ.

ಈ ವಾರ ಗ್ರೂಪಿನಲ್ಲಿ ವರದಿ ಬಂದಿದೆ. ಬಜಗೋಳಿ ಕಡೆ ಕಡವೆ ಕಾಣಿಸುತ್ತಿಲ್ಲವಂತೆ, ಸ್ಥಳೀಯರೇ ಕಲ್ಲು ಹೊಡೆದು ಓಡಿಸುತ್ತಿದ್ದಾರೆ ಎಂಬ ಮಾಹಿತಿ ಇದೆಯಂತೆ. ಆದ್ದರಿಂದ ಮುಂದಿನ ಭಾನುವಾರ ಅಲ್ಲಿ ಒಂದು ಜಾಗೃತಿ ಶಿಬಿರ. ಮನೆ ಮನೆಗೆ ಹೋಗಿ ಹೇಳಲು ಸ್ವಯಂಸೇವಕರು ಬೇಕಾಗಿದ್ದಾರೆ, ಕ್ಯಾಪ್ ಉಚಿತ.

ಪ್ರಾಣಿಗಳನ್ನು ಪ್ರೀತಿಸುವುದು ಹೇಗೆ ಎಂದು ಲೀಲಕ್ಕನಿಗೆ ಕಲಿಸಿಕೊಡಲು ನಿಮ್ಮಲ್ಲಿ ಯಾರು ಹೋಗುತ್ತೀರಿ?