ಧಾರವಾಡದ ಮಾತಿನಲ್ಲಿ ಕೇಳಿದ ಪಾಸ್‌ವರ್ಡ್

ಅಂಗಡಿ ಎಂಬ ಅಡ್ಡಹೆಸರಿನ ಆಪರೇಟರಿಗೆ ಫೋನ್ ಮಾಡಿ ಪಂಪ್‌ಹೌಸಿನ ಪಾಸ್‌ವರ್ಡ್ ಹೇಳಿಸಿಕೊಂಡವಳು ನಾನೇ. ಹೇಗೆ ಹೇಳಿಸಿಕೊಂಡೆ ಎಂಬುದನ್ನು ಮಾತ್ರ ಆರು ವರ್ಷ ಯಾರಿಗೂ ಹೇಳಲಿಲ್ಲ — ಅವರಿಗಂತೂ ಇಲ್ಲವೇ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ಪುಣೆ ಪಕ್ಕದ ನಿಗಡಿಯ ಒಂದು ಸಣ್ಣ ಕಂಪನಿಯಲ್ಲಿ ನನಗೆ ಕೆಲಸ. ಪುಣೆಯ ನೀರು ಸರಬರಾಜು ಕಚೇರಿಯೊಂದು ನಮ್ಮನ್ನು ಕರೆದಿತ್ತು: ಪಂಪುಗಳನ್ನು ನಡೆಸುವ ಕಂಪ್ಯೂಟರಿನೊಳಕ್ಕೆ ಹೊರಗಿನವರು ಫೋನ್ ಲೈನಿನಿಂದ ನುಗ್ಗಬಹುದೇ, ನೋಡಿ ಹೇಳಿ ಎಂದು. ನುಗ್ಗಿದವರು ಪಂಪು ನಿಲ್ಲಿಸಬಹುದು, ಕ್ಲೋರಿನ್ ಹೆಚ್ಚುಕಡಿಮೆ ಮಾಡಬಹುದು — ಜನ ಕುಡಿಯುವ ನೀರು.

ಅಲ್ಲಿನ ಸಿಬ್ಬಂದಿಯೇ ಪಾಸ್‌ವರ್ಡ್ ಬಿಟ್ಟುಕೊಡುತ್ತಾರೆಯೇ ಎಂದು ನೋಡಲು, ಮುಖ್ಯ ಕಚೇರಿಯವಳೆಂದು ಹೇಳಿಕೊಂಡು ಪಂಪ್‌ಹೌಸಿಗೆ ಮರಾಠಿಯಲ್ಲಿ ಫೋನ್ ಮಾಡಿದೆ. ಆಪರೇಟರ್ ಅಂಗಡಿಯವರು, ಅದೆಲ್ಲ ಫೋನಿನಲ್ಲಿ ಹೇಳುವುದಿಲ್ಲ, ಬರೆದು ಕಳುಹಿಸಿ ಎಂದರು. ಮರುದಿನ ಮತ್ತೆ ಕೇಳಿದೆ. ಅದೇ ಉತ್ತರ. ಅಲ್ಲಿಗೆ ಬಿಡಬಹುದಿತ್ತು, ಅವರು ಪರೀಕ್ಷೆಯಲ್ಲಿ ಗೆದ್ದಿದ್ದರು. ಆದರೆ ಅವರ ಮರಾಠಿಯಲ್ಲಿ ಒಂದು ಎಳೆತವಿತ್ತು — ನಮ್ಮಪ್ಪ ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಚೌಕಾಸಿ ಮಾಡುವಾಗ ಬರುವಂಥದ್ದು. ನಮ್ಮ ಕಡೆಯವರೇ. ಕನ್ನಡದಲ್ಲಿ ಕೇಳಿದರೆ...? ಆ ಕುತೂಹಲ ನನ್ನನ್ನು ಬಿಡಲಿಲ್ಲ.

ಮೂರನೆಯ ದಿನ, “ಅಣ್ಣಾರ, ನಾನು ಧಾರವಾಡದಾಕಿ ರೀ. ಹೊಸದಾಗಿ ಸೇರೀನಿ. ಪಾಸ್‌ವರ್ಡ್ ತರಲಿಲ್ಲಂದ್ರ ಸಾಹೇಬ್ರು ಕೆಲಸದಿಂದ ತಗೀತಾರ,” ಎಂದೆ. ಅದರಲ್ಲಿ ಧಾರವಾಡ ಒಂದೇ ನಿಜ.

ಅಂಗಡಿಯವರ ದನಿ ಬದಲಾಯಿತು, ಬೇರೆ ಯಾರೋ ಮಾತಾಡಿದಂತೆ — “ಅಯ್ಯ, ನಮ್ಮ ಕಡಿಯವರೇನ್ರಿ? ಮೊದಲ ಹೇಳಬಾರದೇನ ತಂಗಿ! ಬರಕೋರಿ.” ಹೇಳಿಯೂಬಿಟ್ಟರು. “ಕೆಲಸ ಆದಮ್ಯಾಲ ಆ ಚೀಟಿ ಹರದು ಒಗೀರಿ ಮತ್ತ. ಮಂದಿ ಕುಡಿಯೋ ನೀರದು.”

ಫೋನಿಟ್ಟು ನಕ್ಕೆ. ಹೌದು, ನಕ್ಕೆ.

‘ಫೋನ್ ಮಾಡಿದ ಮಹಿಳೆಗೆ ಆಪರೇಟರ್ ಪಾಸ್‌ವರ್ಡ್ ತಿಳಿಸಿದರು’ ಎಂದು ವರದಿಯಲ್ಲಿ ಬರೆದೆ. ಎರಡು ಸಲ ನಿರಾಕರಿಸಿದ್ದು, ನಾನು ಕನ್ನಡದಲ್ಲಿ ಗೋಗರೆದದ್ದು, ಚೀಟಿ ಹರಿಯಲು ಅವರು ಹೇಳಿದ್ದು — ಯಾವುದನ್ನೂ ಬರೆಯಲಿಲ್ಲ. ಬರೆದಿದ್ದರೆ ನನ್ನ ಜಾಣತನ ಸಣ್ಣದಾಗಿ ಕಾಣುತ್ತಿತ್ತು.

ಅಂಗಡಿಯವರನ್ನು ವಿಚಾರಣೆಗೆ ಕರೆದರು. ನಾನೂ ಅಲ್ಲಿ ಕೂತಿದ್ದೆ, ಮರಾಠಿಯಷ್ಟೇ ಮಾತಾಡುತ್ತ. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಫೋನ್ ಮಾಡಿದವರು ಯಾರೆಂದು ಅಧಿಕಾರಿ ಕೇಳಿದರು.

“ಗಂಡಸಿನ ಧ್ವನಿ ಇತ್ತು ಸಾಹೇಬ್,” ಎಂದರು ಅಂಗಡಿಯವರು ಮರಾಠಿಯಲ್ಲಿ. “ಹೆಸರು ಗೊತ್ತಿಲ್ಲ.”

ವರದಿ ಓದಿದ್ದ ಅಧಿಕಾರಿ ನಕ್ಕು, ಇವರಿಗೆ ಕಿವಿಯೂ ನೆಟ್ಟಗಿಲ್ಲ ಎಂದರು. ನನಗೆ ಮಾತ್ರ ತಿಳಿಯಿತು — ಅಂಗಡಿಯವರು ಧಾರವಾಡದ ಆ ಹುಡುಗಿಯ ಕೆಲಸ ಉಳಿಸುತ್ತಿದ್ದರು. ನಾನು ಬಾಯಿ ತೆರೆಯಲಿಲ್ಲ. ಅದು ಪರೀಕ್ಷೆಯೆಂದು ಆಮೇಲೆ ಅವರಿಗೆ ಹೇಳಿದರು. ಫೋನ್ ಮಾಡಿದವಳು ಯಾರೆಂದು ಹೇಳಲಿಲ್ಲ. ಶಿಕ್ಷೆಯೆಂದು ಅವರನ್ನು ಬಿಬವೇವಾಡಿಯ ಗಲ್ಲಿಗಳಲ್ಲಿ ಸೈಕಲ್ ತುಳಿದು ನೀರಿನ ವಾಲ್ವ್ ತಿರುಗಿಸುವ ಕೆಲಸಕ್ಕೆ ಹಾಕಿದರು. ನಿವೃತ್ತಿಯವರೆಗೂ ಅದೇ.

ನಾನು ಆಪರೇಟರುಗಳಿಗೆ ಕೊಡುವ ತರಬೇತಿಗಳಲ್ಲಿ, ವರದಿಯಲ್ಲಿದ್ದಷ್ಟನ್ನೇ ಕಥೆಯಾಗಿ ಹೇಳಿ ನಗಿಸುತ್ತಿದ್ದೆ. ಕಳೆದ ತಿಂಗಳು ಸಾಸವಡದಿಂದ ಬಂದಿದ್ದ ಒಬ್ಬ ಆಪರೇಟರ್ ಎದ್ದು, “ಮೊದಲ ಸಲವೇ ಕೊಟ್ಟುಬಿಟ್ಟರಾ?” ಎಂದು ಕೇಳಿದ. “ಹೌದು,” ಎಂದೆ. ವರದಿಯಲ್ಲಿ ಬರೆಯದೆ ಬಿಟ್ಟಿದ್ದೆ ಅಷ್ಟೇ; ಅಂದು ಬಾಯಾರೆ ಸುಳ್ಳೇ ಹೇಳಿದೆ.

ನಡೆದದ್ದೆಲ್ಲವನ್ನೂ ಬರೆದು ನೀರಿನ ಕಚೇರಿಗೆ ಕೊಟ್ಟೆ. ಒಂದು ಪ್ರತಿ ಹಿಡಿದು ಅಂಗಡಿಯವರ ಮನೆಗೆ ಹೋದೆ. ಬಾಗಿಲಲ್ಲೇ ನಿಂತು ಕನ್ನಡದಲ್ಲಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದರು.

“ನೀವೇನ್ರಿ ಆಕಿ?”

“ಹೌದ್ರಿ.”

ಬೈಯಲಿಲ್ಲ. ಒಳಗೆ ಕರೆಯಲೂ ಇಲ್ಲ. ಹಾಳೆ ಮಡಚುತ್ತ, “ಆ ಪಾಸ್‌ವರ್ಡ್ ಬದಲ ಮಾಡಿದ್ರೇನ್ರಿ?” ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಆರು ವರ್ಷದಲ್ಲಿ ಒಮ್ಮೆಯೂ ವಿಚಾರಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅನುಮತಿ ಪಡೆದು ಪಂಪ್‌ಹೌಸಿಗೆ ಹೋದೆ. ಹಳೆಯ ಅಕ್ಷರಗಳನ್ನೇ ಒತ್ತಿದೆ. ಕಂಪ್ಯೂಟರ್ ಒಳಗೆ ಬಿಟ್ಟಿತು. ಅಲ್ಲಿನವರು ಅದನ್ನು ಬದಲಿಸುವವರೆಗೂ ಅಲ್ಲೇ ನಿಂತಿದ್ದೆ. ಅಂಗಡಿಯವರ ಮನೆಗೆ ಹೋಗಿ ಇದನ್ನು ಹೇಳುವುದು ಇನ್ನೂ ಉಳಿದಿದೆ.